ಎಲ್‌ಡಿಎಲ್ 110, ಆದರೆ ಕಣ ಎಷ್ಟು? ರಕ್ತನಾಳದ ಕೋಶಗಳಿಗೆ ಮುಪ್ಪು ಬರುವ ಲೆಕ್ಕ

ಎರಡು ರಿಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳೋಣ. ಎರಡೂ ಲೆಕ್ಕ ತೋರಿಸಲೆಂದೇ ಬರೆದುಕೊಂಡವು. ಆದರೆ ಜಯನಗರದಲ್ಲಾಗಲಿ ಯಲಹಂಕದಲ್ಲಾಗಲಿ, ಯಾವ ಲ್ಯಾಬಿನಿಂದ ಬೇಕಾದರೂ ಹೊರಬೀಳುವಂಥ ಅಂಕಿಗಳು.

ಒಬ್ಬರದು: ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 62, ಟ್ರೈಗ್ಲಿಸರೈಡ್ 90, ಎಲ್‌ಡಿಎಲ್ 110.

ಇನ್ನೊಬ್ಬರದು: ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 220, ಎಲ್‌ಡಿಎಲ್ 110.

ಎಲ್ಲವೂ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಎಲ್‌ಡಿಎಲ್ ಎಂದರೆ ಜನ ಕೆಟ್ಟ ಕೊಲೆಸ್ಟ್ರಾಲ್ ಎನ್ನುವುದು, ಎಚ್‌ಡಿಎಲ್ ಒಳ್ಳೆಯದೆನ್ನುವುದು. ಒಟ್ಟು ಕೊಲೆಸ್ಟ್ರಾಲ್ ಒಂದೇ, ಎಲ್‌ಡಿಎಲ್ ಕೂಡ ಒಂದೇ. "ಸ್ವಲ್ಪ ಜಾಸ್ತಿ ಇದೆ, ಕರಿದಿದ್ದು ಕಮ್ಮಿ ಮಾಡಿ" ಎಂಬ ಅದೇ ಮಾತು ಇಬ್ಬರಿಗೂ ಸಿಗುತ್ತದೆ. ಆದರೆ ಎರಡನೆಯವರ ರಕ್ತನಾಳದ ಗೋಡೆಗೆ ಬೀಳುತ್ತಿರುವ ಪೆಟ್ಟು ಮೊದಲನೆಯವರಿಗಿಂತ ಬಹಳ ಹೆಚ್ಚು. ಆ ಗೋಡೆಯ ಕೋಶಗಳಿಗೆ ವಯಸ್ಸಿಗೆ ಮೊದಲೇ ಮುಪ್ಪು ಹಿಡಿಯುವ ಸಾಧ್ಯತೆಯೂ ಹೆಚ್ಚು. ಎಲ್‌ಡಿಎಲ್ ಎಂಬ ಸಾಲು ಹೇಳುವುದು ಕೊಲೆಸ್ಟ್ರಾಲಿನ ತೂಕವನ್ನು. ಗೋಡೆಗೆ ಪೆಟ್ಟು ಕೊಡುವುದು ಅದನ್ನು ಹೊತ್ತ ಕಣಗಳು. ಕಣಗಳು ಎಷ್ಟಿವೆ, ಎಷ್ಟು ವರ್ಷದಿಂದ ಇವೆ, ಈ ಎರಡು ಪ್ರಶ್ನೆಗಳನ್ನು ನಮ್ಮ ರಿಪೋರ್ಟ್‌ಗಳು ಕೇಳುವುದೇ ಇಲ್ಲ.

ಕೊಲೆಸ್ಟ್ರಾಲ್ ಜಿಡ್ಡಿನ ಜಾತಿಯದು, ನೀರಿನಲ್ಲಿ ಕರಗುವುದಿಲ್ಲ. ಅದಕ್ಕೇ ಲಿವರ್ ಅದನ್ನು ಪೊಟ್ಟಣ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಹೊರಡುವಾಗ ಅದು ವಿಎಲ್‌ಡಿಎಲ್, ಟ್ರೈಗ್ಲಿಸರೈಡ್ ತುಂಬಿದ ದೊಡ್ಡ ಪೊಟ್ಟಣ. ದಾರಿಯಲ್ಲಿ ಆ ಕೊಬ್ಬನ್ನು ಸ್ನಾಯುಗಳಿಗೂ ಕೊಬ್ಬಿನ ಕೋಶಗಳಿಗೂ ಇಳಿಸುತ್ತ ಸಣ್ಣದಾಗುತ್ತದೆ. ಕೊನೆಗೆ ಉಳಿಯುವುದು ಎಲ್‌ಡಿಎಲ್, ಸುಮಾರು 22 ನ್ಯಾನೊಮೀಟರ್ ಅಗಲದ ಗುಂಡು. ವಿಎಲ್‌ಡಿಎಲ್ ಆಗಿದ್ದಾಗಲೂ ಎಲ್‌ಡಿಎಲ್ ಆದ ಮೇಲೂ ಅದರ ಮೈಗೆ ಸುತ್ತಿಕೊಂಡಿರುವುದು ಒಂದೇ ಒಂದು ಪ್ರೋಟೀನ್ ಎಳೆ. ಅದರ ಹೆಸರು ಅಪೊಲಿಪೊಪ್ರೋಟೀನ್ ಬಿ, ವೈದ್ಯರ ಬಾಯಲ್ಲಿ ಅಪೊ-ಬಿ. ಕಣಕ್ಕೆ ಒಂದೇ ಅಪೊ-ಬಿ ಇರುವುದರಿಂದ ಅಪೊ-ಬಿ ಅಳೆದರೆ ಕಣಗಳನ್ನು ಎಣಿಸಿದಂತೆಯೇ.

ಹಾಲಿನ ಲೆಕ್ಕದಲ್ಲಿ ಹೇಳುವುದಾದರೆ, 5 ಲೀಟರ್ ನಂದಿನಿ ಹಾಲನ್ನು ಅರ್ಧ ಲೀಟರಿನ ಪ್ಯಾಕೆಟ್‌ನಲ್ಲಿ ತಂದರೆ ಕವರ್ 10. ಅದೇ 5 ಲೀಟರನ್ನು 200 ಮಿಲಿಯ ಪ್ಯಾಕೆಟ್‌ನಲ್ಲಿ ತಂದರೆ ಕವರ್ 25. ಮನೆಗೆ ಬಂದ ಹಾಲು ಅಷ್ಟೇ. ಮೋರಿ ಕಟ್ಟಿಕೊಳ್ಳುವುದು ಮಾತ್ರ ಕವರ್‌ಗಳಿಂದ. ಎರಡನೆಯ ರಿಪೋರ್ಟಿನವರದು 200 ಮಿಲಿ ಪ್ಯಾಕೆಟ್‌ನ ಸಂಸಾರ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಮ್ಮಿ ಇರುವವರಲ್ಲಿ ಎಲ್‌ಡಿಎಲ್ ಕಣಗಳು ಸಾಮಾನ್ಯವಾಗಿ ಚಿಕ್ಕವು. ಪ್ರತಿ ಕಣದಲ್ಲೂ ಕೊಲೆಸ್ಟ್ರಾಲ್ ಕಡಿಮೆ, ಕಣಗಳ ಸಂಖ್ಯೆ ಹೆಚ್ಚು. ಜೊತೆಗೆ ವಿಎಲ್‌ಡಿಎಲ್‌ನ ಉಳಿಕೆ ಕಣಗಳೂ ಬೇಕಾದಷ್ಟು ಇರುತ್ತವೆ. ಹೊಟ್ಟೆಯ ಸುತ್ತ ಬೊಜ್ಜು, ಸಕ್ಕರೆ ಕಾಯಿಲೆಯ ಅಂಚು, ದಿನವಿಡೀ ಕುರ್ಚಿ, ಎರಡು ಹೊತ್ತು ಅನ್ನ ಎಂಬ ನಮ್ಮೂರಿನ ಬದುಕಿಗೆ ಈ ನಮೂನೆ ತುಂಬ ಪರಿಚಿತ.

ಸಂಖ್ಯೆ ಎಷ್ಟು ದೊಡ್ಡದೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಅಪೊ-ಬಿ 100 ಇದ್ದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾದ ಒಂದು ಘನ ಮಿಲಿಮೀಟರಿನಲ್ಲಿ, ಅಂದರೆ ಒಂದು ಸಾಸಿವೆ ಕಾಳಿಗಿಂತ ಚಿಕ್ಕ ಹನಿಯಲ್ಲಿ, ಸುಮಾರು 1 ಲಕ್ಷ ಕೋಟಿ ಕಣಗಳು. ಅಷ್ಟೇ ರಕ್ತದಲ್ಲಿ ಕೆಂಪು ಕಣಗಳು ಇರುವುದು 50 ಲಕ್ಷದ ಆಸುಪಾಸು. ಒಂದೊಂದು ಎಲ್‌ಡಿಎಲ್ ಕಣವೂ ಎರಡು ಮೂರು ದಿನ ರಕ್ತದಲ್ಲೇ ಸುತ್ತುತ್ತದೆ, ಆಮೇಲೆ ಲಿವರ್ ಅದನ್ನು ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವ ಆ ಕೈಯೇ ಎಲ್‌ಡಿಎಲ್ ರಿಸೆಪ್ಟರ್. ಅದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಮುಂದೆ ಬರುವ ಊಟದ ಮಾತೂ ಮಾತ್ರೆಯ ಮಾತೂ ಕೊನೆಗೆ ಈ ರಿಸೆಪ್ಟರಿಗೇ ಬಂದು ನಿಲ್ಲುತ್ತವೆ.

ಗೋಡೆಯೊಳಗೆ ಏನಾಗುತ್ತದೆ

ರಕ್ತನಾಳದ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಹೊದಿಕೆ ಇದೆ, ಅದೇ ಎಂಡೋಥೀಲಿಯಂ. ಸುಮಾರು 70 ನ್ಯಾನೊಮೀಟರಿಗಿಂತ ಸಣ್ಣ ಅಪೊ-ಬಿ ಕಣಗಳು ಈ ಹೊದಿಕೆಯನ್ನು ದಾಟಬಲ್ಲವು. ಬಹುಪಾಲು ಎಲ್‌ಡಿಎಲ್ ಕಣಗಳು ಕೋಶದ ಒಳಗಿಂದಲೇ, ಸಣ್ಣ ಗುಳ್ಳೆಗಳಲ್ಲಿ ಕೂತು ಆಚೆ ಹೋಗುತ್ತವೆ. ಹೋದವು ಎಷ್ಟೋ ಹಾಗೇ ವಾಪಸ್ ಬರುತ್ತವೆ. ಕೆಲವು ಮಾತ್ರ ಅಲ್ಲೇ ಅಂಟಿಕೊಳ್ಳುತ್ತವೆ: ಅಪೊ-ಬಿ ಎಳೆಯ ಮೇಲಿನ ಧನ ವಿದ್ಯುದಂಶ, ಗೋಡೆಯೊಳಗಿನ ಪ್ರೋಟಿಯೋಗ್ಲೈಕಾನ್ ನಾರುಗಳ ಋಣ ವಿದ್ಯುದಂಶಕ್ಕೆ ಕಚ್ಚಿಕೊಳ್ಳುತ್ತದೆ. ಕಾಯಿಲೆ ಶುರುವಾಗುವುದು ಈ ಅಂಟುವಿಕೆಯಿಂದಲೇ ಎಂದು ವಿಲಿಯಮ್ಸ್ ಮತ್ತು ಟಾಬಾಸ್ 1995ರಲ್ಲಿ ಸ್ಪಷ್ಟವಾಗಿ ಮಂಡಿಸಿದರು. ಎಷ್ಟು ಕಣ ಬಡಿದವೋ ಅಷ್ಟು ಒಳಗೆ, ಎಷ್ಟು ಒಳಗೋ ಅಷ್ಟು ಅಂಟು. ಪೊಟ್ಟಣದೊಳಗೆ ಕೊಲೆಸ್ಟ್ರಾಲ್ ಎಷ್ಟಿದೆ ಎಂಬುದು ಇಲ್ಲಿ ಎರಡನೆಯ ಮಾತು.

ಅಂಟಿಕೊಂಡ ಕಣಕ್ಕೆ ಅಲ್ಲಿ ರಕ್ಷಣೆ ಇಲ್ಲ. ತೆರೆದಿಟ್ಟ ಹಳೇ ಎಣ್ಣೆ ಕಮಟು ಹಿಡಿಯುವಂತೆ ಅದರ ಕೊಬ್ಬು ಆಕ್ಸಿಡೀಕರಣಗೊಳ್ಳುತ್ತದೆ. ಹಾಗೆ ಕೆಟ್ಟ ಎಲ್‌ಡಿಎಲ್ ಪಕ್ಕದ ಕೋಶಗಳಿಗೆ ನಂಜು. ಮುಪ್ಪಿನ ಕಥೆ ಇಲ್ಲಿಂದ.

ಕೋಶದ ಮುಪ್ಪು ಎಂದ ಕೂಡಲೇ ಡಿಎನ್ಎ ಎಳೆಗಳ ತುದಿ ಕಾಯುವ ಟೆಲೊಮಿಯರ್ ನೆನಪಾಗುವುದು ಸಹಜ. ಮನುಷ್ಯನ ಸಾಮಾನ್ಯ ಕೋಶಗಳು ಪ್ರಯೋಗಾಲಯದಲ್ಲಿ 40ರಿಂದ 60 ಸಲ ಒಡೆದು ಎರಡಾದ ಮೇಲೆ ನಿಂತುಬಿಡುತ್ತವೆ ಎಂದು ಹೇಫ್ಲಿಕ್ ಮತ್ತು ಮೂರ್‌ಹೆಡ್ 1961ರಲ್ಲಿ ತೋರಿಸಿದರು. ಪ್ರತಿ ಸಲ ಒಡೆದಾಗಲೂ ಕ್ರೋಮೋಸೋಮ್ ತುದಿಯ ಟೆಲೊಮಿಯರ್ ಚೂರು ಸವೆಯುತ್ತದೆ. ಆದರೆ ಟೆಲೊಮಿಯರ್ ಸವೆಯುವ ತನಕ ಕಾಯದೆಯೂ ಕೋಶ ಮುದಿಯಾಗಬಲ್ಲದು. ಹೀಗೆ ಕಮಟಾಗಿ ಕೆಟ್ಟ ಎಲ್‌ಡಿಎಲ್ ತಗಲಿದ ಎಂಡೋಥೀಲಿಯಂ ಕೋಶದಲ್ಲಿ ಉರಿಯುವ ಆಮ್ಲಜನಕದ ಅಂಶಗಳು ಹೆಚ್ಚಿ ಡಿಎನ್ಎಗೆ ಗಾಯವಾಗುತ್ತದೆ. ಗಾಯ ದೊಡ್ಡದಾದರೆ ಪಿ53, ಪಿ21, ಪಿ16 ಎಂಬ ಪ್ರೋಟೀನುಗಳು ಬ್ರೇಕ್ ಹಾಕುತ್ತವೆ. ಆ ಕೋಶ ಇನ್ನು ಒಡೆಯುವುದಿಲ್ಲ. ಹಾಗಂತ ಸಾಯುವುದೂ ಇಲ್ಲ. ಮುಪ್ಪು ಎಂದರೆ ಈ ಸ್ಥಿತಿ.

ಮುದಿ ಕೋಶ ತೆಪ್ಪಗೆ ಮೂಲೆಯಲ್ಲಿ ಕೂತಿದ್ದರೆ ತಕರಾರಿರಲಿಲ್ಲ. ಅದು ಚಪ್ಪಟೆಯಾಗಿ ಅಗಲವಾಗುತ್ತದೆ, ಪಕ್ಕದ ಕೋಶದ ಜೊತೆಗಿನ ಹೊಲಿಗೆ ಸಡಿಲವಾಗುತ್ತದೆ. ನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ತಯಾರಿ ಇಳಿಯುತ್ತದೆ. ರಕ್ತದ ಬಿಳಿಕಣಗಳನ್ನು ಹಿಡಿದು ನಿಲ್ಲಿಸುವ ಕೊಕ್ಕೆಗಳು ಮೈಮೇಲೆ ಹೆಚ್ಚುತ್ತವೆ. ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8ರಂಥ ಉರಿಯೂತದ ಸಂದೇಶಗಳನ್ನೂ, ಗೋಡೆಗೆ ಬಿಗಿ ಕೊಡುವ ಕೊಲ್ಲಾಜೆನ್ ನಾರನ್ನು ಕತ್ತರಿಸುವ ಕಿಣ್ವಗಳನ್ನೂ ಅದು ಸುತ್ತಲೂ ಉಗುಳುತ್ತದೆ. ಆ ಉಗುಳು ಬಿದ್ದ ನೆರೆಯ ಕೋಶಗಳೂ ಮುದಿಯಾಗತೊಡಗುತ್ತವೆ. ಒಂದು ಹಣ್ಣು ಕೊಳೆತರೆ ಬುಟ್ಟಿ ಕೆಡುತ್ತದೆ ಎನ್ನುತ್ತೇವಲ್ಲ, ಹಾಗೆ.

ಇದನ್ನು ಕಣ್ಣಿಂದ ನೋಡಲೂ ಬಹುದು. ಮುದಿ ಕೋಶಗಳಲ್ಲಿ ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವ ಅತಿಯಾಗಿರುತ್ತದೆ. ಪಿಎಚ್ 6ರಲ್ಲಿ ತಕ್ಕ ರಾಸಾಯನಿಕ ಹಾಕಿದರೆ ಅಂಥ ಕೋಶಗಳಷ್ಟೇ ನೀಲಿ ಬಣ್ಣ ತಾಳುತ್ತವೆ. ಈ ಪರೀಕ್ಷೆ ಬಂದದ್ದು 1995ರಲ್ಲಿ. ಜಪಾನಿನ ಮಿನಾಮಿನೊ ಮತ್ತು ಸಂಗಡಿಗರು 2002ರಲ್ಲಿ ಮನುಷ್ಯರ ಹೃದಯದ ಕರೊನರಿ ನಾಳಗಳಿಗೆ ಅದೇ ಬಣ್ಣ ಹಾಕಿದಾಗ ಕೊಬ್ಬಿನ ಗಡ್ಡೆ (ಪ್ಲಾಕ್) ಕಟ್ಟಿದ ಜಾಗದ ಒಳಹೊದಿಕೆಯಲ್ಲಿ ನೀಲಿ ಕಂಡಿತು. ಅದೇ ಜನರ ಎದೆಗೂಡಿನ ಒಳಗಿನ ಮ್ಯಾಮರಿ ನಾಳದಲ್ಲಿ ಕಾಣಲಿಲ್ಲ. ಬೈಪಾಸ್ ಆಪರೇಷನ್‌ಗೆ ತೆಗೆದು ಜೋಡಿಸುವುದು ಇದೇ ಮ್ಯಾಮರಿ ನಾಳವನ್ನು, ಅಲ್ಲಿ ಕೊಬ್ಬು ಕಟ್ಟುವುದು ಅಪರೂಪ. ನಾಳದ ವಯಸ್ಸು ಆಧಾರ್ ಕಾರ್ಡಿನ ವಯಸ್ಸಲ್ಲ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಚಿತ್ರ ನನಗೆ ಗೊತ್ತಿಲ್ಲ. ಒಂದೇ ದೇಹ, ಒಂದೇ ರಕ್ತ, ಒಂದು ನಾಳ ಮುದಿ, ಇನ್ನೊಂದು ಅಲ್ಲ. ಕವಲು, ತಿರುವುಗಳಲ್ಲಿ ರಕ್ತ ಸುಳಿ ಸುತ್ತುತ್ತದೆ. ಅಲ್ಲಿ ಕೋಶಗಳು ಬೇಗ ಸವೆದು ಹೆಚ್ಚು ಸಲ ಒಡೆಯುತ್ತವೆ, ಕಣಗಳೂ ಅಲ್ಲೇ ಹೆಚ್ಚು ಅಂಟುತ್ತವೆ.

ಹೊದಿಕೆಯ ಕೆಳಗೂ ಇದೇ ಕೆಲಸ ನಡೆದಿರುತ್ತದೆ. ಕೆಟ್ಟ ಕಣಗಳನ್ನು ನುಂಗಿ ನುಂಗಿ ಉಬ್ಬಿದ ಮ್ಯಾಕ್ರೊಫೇಜ್‌ಗಳು, ಅಂದರೆ ಕಸ ನುಂಗುವ ರಕ್ಷಣಾ ಕೋಶಗಳು, ನೊರೆ ಕೋಶಗಳಾಗುತ್ತವೆ. 2016ರಲ್ಲಿ ಚೈಲ್ಡ್ಸ್, ವಾನ್ ಡರ್ಸೆನ್ ಮತ್ತಿತರರು ಎಲ್‌ಡಿಎಲ್ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ನೋಡಿದ್ದು ಇದು: ಈ ನೊರೆ ಕೋಶಗಳಲ್ಲಿ ಅನೇಕವು ಮುಪ್ಪಿನ ಗುರುತು ಹೊತ್ತಿದ್ದವು, ಅಂಥ ಮುದಿ ಕೋಶಗಳನ್ನು ತೆಗೆದುಹಾಕಿದಾಗ ಗಡ್ಡೆ ಬೆಳೆಯುವುದು ತಗ್ಗಿತು. ಗಡ್ಡೆಯ ಮೇಲೆ ಮುಚ್ಚಳ ಕಟ್ಟುವ ಕೆಲಸ ನಯ ಸ್ನಾಯು ಕೋಶಗಳದು. ಅವು ಮುದಿಯಾದರೆ ಕೊಲ್ಲಾಜೆನ್ ಹೆಣೆಯುವುದು ಕಡಿಮೆ, ಕತ್ತರಿಸುವುದು ಹೆಚ್ಚು. ಮುಚ್ಚಳ ತೆಳುವಾಗಿ ಒಂದು ದಿನ ಹರಿಯುತ್ತದೆ, ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹಾರ್ಟ್ ಅಟ್ಯಾಕ್ ಎಂದು ನಾವು ಕರೆಯುವುದರ ಹೆಚ್ಚಿನ ಪಾಲು ಇದೇ.

ಈ ನಂಟು ಒಮ್ಮುಖದ್ದಲ್ಲ. ಮುದಿಯಾದ ಹೊದಿಕೆ ಇನ್ನಷ್ಟು ಕಣಗಳನ್ನು ಒಳಗೆ ಬಿಡುತ್ತದೆ. ವಯಸ್ಸಾದಂತೆ ಲಿವರಿನ ಕಣ ಎಳೆಯುವ ಶಕ್ತಿ ತಗ್ಗುತ್ತದೆ, ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಎಲ್‌ಡಿಎಲ್ ಏರುತ್ತದೆ. ಕೊಲೆಸ್ಟ್ರಾಲ್ ಒಂದೇ ಖಳನೂ ಅಲ್ಲ. ಪ್ರೊಜೀರಿಯಾ ಎಂಬ ಅಪರೂಪದ ಕಾಯಿಲೆಯ ಮಕ್ಕಳಲ್ಲಿ ಲ್ಯಾಮಿನ್ ಎ ಜೀನ್ ಕೆಟ್ಟು ಕೋಶಗಳು ಬೇಗ ಮುದಿಯಾಗುತ್ತವೆ. ಎಲ್‌ಡಿಎಲ್ ವಿಪರೀತ ಇಲ್ಲದಿದ್ದರೂ ಹದಿಹರೆಯದಲ್ಲೇ ಹೃದಯದ ಕಾಯಿಲೆ ಬಲಿ ತೆಗೆದುಕೊಳ್ಳುತ್ತದೆ. ಬೀಡಿ ಸಿಗರೇಟು, ಬಿಪಿ, ಸಕ್ಕರೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹೊಗೆ ಎಲ್ಲವೂ ಅದೇ ಹೊದಿಕೆಯನ್ನೇ ಕೆಡಿಸುತ್ತವೆ. ಆದರೆ ಈ ಪಟ್ಟಿಯಲ್ಲಿ ನಿಖರವಾಗಿ ಅಳೆಯಲು, ಕಡಿಮೆ ಖರ್ಚಿನಲ್ಲಿ ಇಳಿಸಲು ಸಿಗುವವುಗಳಲ್ಲಿ ಅಪೊ-ಬಿ ಕಣ ಮೊದಲ ಸಾಲಿನದು.

ವರ್ಷಗಳ ಲೆಕ್ಕ

ಹುಟ್ಟಿನಿಂದಲೇ ಜೀನ್ ದೆಸೆಯಿಂದ ಎಲ್‌ಡಿಎಲ್ ಕಮ್ಮಿ ಇರುವವರನ್ನೂ, ದೊಡ್ಡವರಾದ ಮೇಲೆ ಮಾತ್ರೆಯಿಂದ ಇಳಿಸಿಕೊಂಡವರನ್ನೂ ಹೋಲಿಸಿದ ಫೆರೆನ್ಸ್ ತಂಡದ 2012ರ ವಿಶ್ಲೇಷಣೆ ಈ ವಿಷಯದಲ್ಲಿ ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂನಷ್ಟು ಜೀವನಪೂರ್ತಿ ಕಡಿಮೆ ಇದ್ದರೆ ಹೃದಯ ನಾಳದ ಕಾಯಿಲೆಯ ಅಪಾಯ ಸುಮಾರು 54 ಪ್ರತಿಶತ ಕಡಿಮೆ. ಅಷ್ಟೇ ಇಳಿಕೆಯನ್ನು ನಡುವಯಸ್ಸಿನ ನಂತರ ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯಿಂದ ಪಡೆದರೆ ಕೆಲವು ವರ್ಷಗಳಲ್ಲಿ ಸಿಗುವ ಲಾಭ 20 ಪ್ರತಿಶತ ಚಿಲ್ಲರೆ. ಮದ್ದು ಅದೇ ಕಣಗಳನ್ನು ಇಳಿಸುತ್ತದೆ, ಆದರೆ ಅಷ್ಟು ಹೊತ್ತಿಗೆ ಗೋಡೆಯಲ್ಲಿ ಮುದಿಯಾದ ಕೋಶಗಳು ಮತ್ತೆ ಎಳೆಯದಾಗುವುದಿಲ್ಲ.

ನಮ್ಮವರ ವಿಷಯಕ್ಕೆ ಇದು ಇನ್ನೂ ತುರ್ತು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, 2004ರ ವರದಿಯಂತೆ, ಹಾರ್ಟ್ ಅಟ್ಯಾಕ್‌ಗೆ ಅತಿ ಬಲವಾಗಿ ಹೊಂದಿಕೊಂಡ ಅಂಶಗಳಲ್ಲಿ ಅಪೊ-ಬಿಗೂ ಎಚ್‌ಡಿಎಲ್ ಕಣದ ಪ್ರೋಟೀನಾದ ಅಪೊ-ಎ1ಕ್ಕೂ ಇರುವ ಅನುಪಾತವೂ ಸಿಗರೇಟೂ ಮುಂಚೂಣಿಯಲ್ಲಿದ್ದವು. ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಬೇರೆಯವರಿಗಿಂತ ಹಲವು ವರ್ಷ ಮೊದಲೇ ಬರುತ್ತದೆಂದೂ ಅದೇ ಅಧ್ಯಯನ ತೋರಿಸಿತು. ಅದನ್ನು ಮುನ್ನಡೆಸಿದ ಸಲೀಂ ಯೂಸುಫ್ ಎಂಬಿಬಿಎಸ್ ಓದಿದ್ದು ನಮ್ಮ ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಇನ್ನು ಜಯದೇವ ಹೃದ್ರೋಗ ಸಂಸ್ಥೆ ಚಿಕ್ಕ ವಯಸ್ಸಿನ ಹೃದ್ರೋಗಿಗಳ ದಾಖಲೆಯನ್ನೇ ಪ್ರತ್ಯೇಕವಾಗಿ ಇಡಬೇಕಾಗಿ ಬಂದಿದೆ.

ಪುನೀತ್ ರಾಜ್‌ಕುಮಾರ್ ತೀರಿಕೊಂಡ 2021ರ ಅಕ್ಟೋಬರ್ ನಂತರ ಈ ಊರಿನ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಸಾಲುಗಟ್ಟಿ ನಿಂತಿದ್ದರು. ಆ ಭಯ, ಆ ನೋವು ಎರಡೂ ನಿಜವೇ. ಆದರೆ ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ನಾರ್ಮಲ್ ಬಂತೆಂದರೆ ಆ ಹೊತ್ತಿಗೆ ಹೃದಯದ ವಿದ್ಯುತ್ ಸರಿ ಇದೆ ಎಂದಷ್ಟೇ ಅರ್ಥ. ಗೋಡೆಗೆ ದಿನಾ ಬಡಿಯುತ್ತಿರುವ ಕಣಗಳ ಬಗ್ಗೆ ಅದು ಏನೂ ಹೇಳದು. ಅದಕ್ಕೆ ರಕ್ತವನ್ನೇ ಕೇಳಬೇಕು.

ಏನು ಕೇಳಿ ಬರೆಸಬೇಕು, ಎಲ್ಲಿ ಎಡವಟ್ಟಾಗುತ್ತದೆ

ಮೊದಲು ಕೈಯಲ್ಲಿರುವ ಹಳೇ ರಿಪೋರ್ಟಿನಿಂದಲೇ ಶುರು ಮಾಡಿ, ದುಡ್ಡು ಖರ್ಚಿಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ಇದು ನಾನ್-ಎಚ್‌ಡಿಎಲ್. ಅಪೊ-ಬಿ ಇರುವ ಎಲ್ಲ ಕಣಗಳ ಕೊಲೆಸ್ಟ್ರಾಲೂ ಇದರಲ್ಲಿ ಸೇರಿತು. ಮೇಲಿನ ಇಬ್ಬರಲ್ಲಿ ಮೊದಲನೆಯವರದು 128, ಎರಡನೆಯವರದು 154. ಎಲ್‌ಡಿಎಲ್ ಬಚ್ಚಿಟ್ಟ ವ್ಯತ್ಯಾಸ ಒಂದು ಕಳೆಯುವ ಲೆಕ್ಕದಲ್ಲಿ ಹೊರಬಿತ್ತು. ಎಲ್‌ಡಿಎಲ್‌ಗೆ ಇಟ್ಟ ಗುರಿಗೆ 30 ಸೇರಿಸಿದರೆ ನಾನ್-ಎಚ್‌ಡಿಎಲ್‌ನ ಗುರಿ. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯಂತೆ ಸಾಮಾನ್ಯ ಜನರಿಗೆ ಎಲ್‌ಡಿಎಲ್ 100ರ ಕೆಳಗೆ, ಅಪಾಯ ಹೆಚ್ಚಿರುವವರಿಗೆ 70ರ ಕೆಳಗೆ, ಆಗಲೇ ಅಟ್ಯಾಕ್ ಆದವರಂಥ ಅತಿ ಅಪಾಯದವರಿಗೆ 55ರ ಕೆಳಗೆ ಇರಬೇಕು.

ಹೆಚ್ಚಿನ ರಿಪೋರ್ಟ್‌ಗಳಲ್ಲಿ ಎಲ್‌ಡಿಎಲ್ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಫ್ರೀಡ್‌ವಾಲ್ಡ್ 1972ರಲ್ಲಿ ಕೊಟ್ಟ ಸೂತ್ರ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವುದು. ವಿಎಲ್‌ಡಿಎಲ್ ಎಂದು ಪ್ರತ್ಯೇಕ ಸಾಲು ಕಾಣುತ್ತದಲ್ಲ, ಅದು ಸಾಮಾನ್ಯವಾಗಿ ಇದೇ ಐದನೇ ಒಂದು ಭಾಗ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಕೆಲಸಕ್ಕೆ ಬಾರದು. ಅದಕ್ಕೆ ಮುಂಚೆಯೇ, ಟ್ರೈಗ್ಲಿಸರೈಡ್ ಹೆಚ್ಚಿದ್ದು ಎಲ್‌ಡಿಎಲ್ ಕಡಿಮೆ ಇದ್ದಾಗ, ನಿಜಕ್ಕಿಂತ ಕಡಿಮೆ ತೋರಿಸತೊಡಗುತ್ತದೆ.

ಬಳಿಕ ಎರಡು ಪರೀಕ್ಷೆ ಹೆಸರು ಹೇಳಿ ಕೇಳಬೇಕು, ಸಾಮಾನ್ಯ ಪ್ಯಾಕೇಜಿನಲ್ಲಿ ಇವು ಇರಬಹುದು, ಇಲ್ಲದೆಯೂ ಇರಬಹುದು. ಒಂದು ಅಪೊ-ಬಿ. ಯುರೋಪಿನ 2019ರ ಮಾರ್ಗಸೂಚಿಯಲ್ಲಿ ಮಧ್ಯಮ ಅಪಾಯದವರಿಗೆ 100, ಹೆಚ್ಚಿನವರಿಗೆ 80, ಅತಿ ಹೆಚ್ಚಿನವರಿಗೆ 65ರ ಕೆಳಗೆ ಎಂದಿದೆ. ಇನ್ನೊಂದು ಲಿಪೊಪ್ರೋಟೀನ್-ಎ. ಇದು ಎಲ್‌ಡಿಎಲ್ ಕಣದಂಥದ್ದೇ, ಮೈಗೆ ಇನ್ನೊಂದು ಪ್ರೋಟೀನಿನ ಬಾಲ ಅಂಟಿಕೊಂಡಿರುತ್ತದೆ, ಆಕ್ಸಿಡೀಕರಣಗೊಂಡ ಕೊಬ್ಬನ್ನು ಹೊತ್ತು ತಿರುಗುತ್ತದೆ. ಕೋರೆ ಬರ್ಗ್ 1963ರಲ್ಲಿ ಇದನ್ನು ಗುರುತಿಸಿದರು. ಇದರ ಮಟ್ಟ ಬಹುಪಾಲು ಅಪ್ಪ ಅಮ್ಮನಿಂದ ಬಂದದ್ದು. ಊಟ, ವಾಕಿಂಗ್, ಸ್ಟ್ಯಾಟಿನ್ ಯಾವುದಕ್ಕೂ ಇಳಿಯದು. 50 ಮಿಲಿಗ್ರಾಂ ಅಥವಾ ಲೀಟರಿಗೆ 125 ನ್ಯಾನೊಮೋಲ್ ದಾಟಿದರೆ ಹೆಚ್ಚು. ಈ ಎರಡು ಅಳತೆಗಳನ್ನು ಒಂದರಿಂದ ಇನ್ನೊಂದಕ್ಕೆ ಗುಣಿಸಿ ಬದಲಿಸಲು ಹೋಗಬೇಡಿ, ಬಾಲದ ಉದ್ದ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುವುದರಿಂದ ಲೆಕ್ಕ ಕೂಡುವುದಿಲ್ಲ. ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು.

ಅಪೊ-ಬಿ, ಲಿಪೊಪ್ರೋಟೀನ್-ಎ ಎರಡಕ್ಕೂ ಖಾಲಿ ಹೊಟ್ಟೆ ಬೇಕಿಲ್ಲ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರು ಮಾತ್ರ ಇಡೀ ಪ್ಯಾನೆಲ್ಲಿಗೆ 10ರಿಂದ 12 ಗಂಟೆ ಉಪವಾಸವಿದ್ದು ಹೋಗುವುದು ಒಳ್ಳೆಯದು. ಹಿಂದಿನ ದಿನಗಳಲ್ಲಿ ಕುಡಿದಿದ್ದರೆ ಟ್ರೈಗ್ಲಿಸರೈಡ್ ಸುಳ್ಳು ಹೇಳುತ್ತದೆ. ಡೆಂಗಿ, ವೈರಲ್ ಜ್ವರ, ಆಪರೇಷನ್ ಆದ ಮೇಲೆ ಎಲ್‌ಡಿಎಲ್ ತಾನೇ ಇಳಿದಿರುತ್ತದೆ. ಮಳೆಗಾಲದ ಜ್ವರದಿಂದ ಎದ್ದ ವಾರದಲ್ಲೇ ಪ್ಯಾಕೇಜ್ ಮಾಡಿಸಿ "ಕೊಲೆಸ್ಟ್ರಾಲ್ ಕಮ್ಮಿಯಾಗಿದೆ" ಎಂದು ಸಮಾಧಾನಪಡುವುದು ತಪ್ಪು, ಕೆಲವು ವಾರ ಕಾಯಿರಿ. ರಕ್ತ ಕೊಡುವ ಮುನ್ನ 5ರಿಂದ 10 ನಿಮಿಷ ಕೂತಿರಬೇಕು, ತೋಳಿಗೆ ಬಿಗಿದ ಪಟ್ಟಿ ಒಂದು ನಿಮಿಷ ಮೀರಬಾರದು, ಮೀರಿದರೆ ಅಂಕಿ ಮೇಲಕ್ಕೆ ಹೋಗುತ್ತದೆ. ಇಷ್ಟೆಲ್ಲ ಮಾಡಿಯೂ ಎಲ್‌ಡಿಎಲ್ ದಿನದಿಂದ ದಿನಕ್ಕೆ ಶೇಕಡಾ 8ರಿಂದ 10ರಷ್ಟು ತಾನಾಗಿ ಆಡುತ್ತದೆ. 118 ಇದ್ದದ್ದು 126 ಆಯಿತೆಂದು ಗಾಬರಿಯಾಗಬೇಕಿಲ್ಲ, 110ಕ್ಕೆ ಬಂತೆಂದು ಸಿಹಿ ಹಂಚಬೇಕಿಲ್ಲ. ಎಲ್‌ಡಿಎಲ್ ಇದ್ದಕ್ಕಿದ್ದಂತೆ ಏರಿದ್ದರೆ ಮೊದಲು ಟಿಎಸ್‌ಎಚ್ ನೋಡಿಸಿ. ಥೈರಾಯ್ಡ್ ಮಂದವಾದರೆ ಲಿವರಿನ ರಿಸೆಪ್ಟರ್ ಕಡಿಮೆಯಾಗಿ ಕಣಗಳು ರಕ್ತದಲ್ಲೇ ಉಳಿಯುತ್ತವೆ.

ಟೆಲೊಮಿಯರ್ ಉದ್ದ ಅಳೆದು "ನಿಮ್ಮ ನಿಜವಾದ ವಯಸ್ಸು" ಹೇಳುತ್ತೇವೆನ್ನುವ ಕಿಟ್‌ಗಳ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದೇ. ಅವು ನೋಡುವುದು ರಕ್ತದ ಬಿಳಿಕಣಗಳನ್ನು ಅಥವಾ ಬಾಯಿಯ ಕೋಶಗಳನ್ನು, ಕರೊನರಿ ನಾಳದ ಹೊದಿಕೆಯನ್ನಲ್ಲ. ಆ ದುಡ್ಡಿನಲ್ಲಿ ಅಪೊ-ಬಿಯನ್ನೂ ಲಿಪೊಪ್ರೋಟೀನ್-ಎಯನ್ನೂ ಮಾಡಿಸಿ. ಮುದಿ ಕೋಶ ಕೊಲ್ಲುತ್ತವೆಂದು ಆನ್‌ಲೈನಿನಲ್ಲಿ ಮಾರುವ ಕ್ವೆರ್ಸೆಟಿನ್, ಫಿಸೆಟಿನ್ ಮಾತ್ರೆಗಳ ವಿಷಯವೂ ಅಷ್ಟೇ. ಪ್ರಯೋಗಗಳಲ್ಲಿ ಕ್ವೆರ್ಸೆಟಿನ್ ಜೊತೆ ಬಳಸುವ ಡಸಾಟಿನಿಬ್ ರಕ್ತ ಕ್ಯಾನ್ಸರಿನ ಔಷಧಿ, ಮನೆಯಲ್ಲಿ ಪ್ರಯೋಗ ಮಾಡುವ ವಸ್ತುವಲ್ಲ.

ಅಡುಗೆಮನೆಯಲ್ಲಿ

ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಲಿವರ್ ಎಲ್‌ಡಿಎಲ್ ರಿಸೆಪ್ಟರುಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ, ಕಣಗಳು ರಕ್ತದಲ್ಲಿ ಹೆಚ್ಚು ದಿನ ಸುತ್ತುತ್ತವೆ. ತಿನ್ನುವ ಮೊಟ್ಟೆಯ ಕೊಲೆಸ್ಟ್ರಾಲಿಗಿಂತ ಇದರ ಪ್ರಭಾವ ದೊಡ್ಡದು. 2000 ಕ್ಯಾಲೊರಿಯ ಊಟದಲ್ಲಿ ಇಂಥ ಕೊಬ್ಬು 22 ಗ್ರಾಂ ಮೀರಬಾರದು, ಎಲ್‌ಡಿಎಲ್ ಹೆಚ್ಚಿರುವವರಿಗೆ 13 ಗ್ರಾಂ ಆಸುಪಾಸು. ಲೆಕ್ಕ ಹಾಕಿ: ಒಂದು ಚಮಚ, ಅಂದರೆ 5 ಗ್ರಾಂ ತುಪ್ಪದಲ್ಲಿ 3 ಗ್ರಾಂ. ಬೆಣ್ಣೆ ಮಸಾಲೆಯ ಮೇಲೆ ಕರಗುವ 15 ಗ್ರಾಂ ಬೆಣ್ಣೆಯಲ್ಲಿ ಏಳೂವರೆ ಗ್ರಾಂ. 30 ಗ್ರಾಂ ಹಸಿ ತೆಂಗಿನ ತುರಿಯಲ್ಲಿ ಸುಮಾರು 9 ಗ್ರಾಂ. ಬೆಳಗಿನ ಒಂದು ತಿಂಡಿಯಲ್ಲೇ ದಿನದ ಪಾಲು ಹೆಚ್ಚುಕಮ್ಮಿ ಮುಗಿಯಿತು. ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಏರಿಸುತ್ತದೆಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಚಟ್ನಿಗೆ ವಾರದಲ್ಲಿ ನಾಲ್ಕು ದಿನ ತೆಂಗಿನ ಬದಲು ಹುರಿಗಡಲೆ, ಕಡಲೆಕಾಯಿ, ಹೀರೆಕಾಯಿ ಸಿಪ್ಪೆ ಬಳಸುವುದು ಸುಲಭವಾದ ಬದಲಾವಣೆ. ಬೇಕರಿಯ ಪಫ್ಸ್, ಖಾರಾ ಬಿಸ್ಕತ್ತಿನ ಬಗ್ಗೆಯೂ ಒಂದು ಮಾತು: 2022ರ ಜನವರಿಯಿಂದ ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2 ಮೀರಬಾರದೆಂಬ ನಿಯಮ ಬಂದಿದೆ, ಆದರೆ ಆ ಜಾಗಕ್ಕೆ ಬರುವ ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ.

ಕರಗುವ ನಾರು ಪಿತ್ತರಸದ ಆಮ್ಲಗಳನ್ನು ಕರುಳಿನಲ್ಲಿ ಹಿಡಿದು ಹೊರಗೆ ಒಯ್ಯುತ್ತದೆ. ಹೊಸ ಪಿತ್ತಕ್ಕೆ ಕೊಲೆಸ್ಟ್ರಾಲ್ ಬೇಕು, ಲಿವರ್ ರಕ್ತದಿಂದ ಎಳೆಯುತ್ತದೆ. 75 ಗ್ರಾಂ ಓಟ್ಸ್‌ನಲ್ಲಿ ಬೀಟಾ-ಗ್ಲೂಕಾನ್ ಎಂಬ ಕರಗುವ ನಾರು ಸುಮಾರು 3 ಗ್ರಾಂ ಸಿಗುತ್ತದೆ, ಎಲ್‌ಡಿಎಲ್ 5ರಿಂದ 7 ಪ್ರತಿಶತ ಇಳಿಸಲು ಇಷ್ಟು ದಿನಾ ಬೇಕು. ಇಸಬ್‌ಗೋಲ್ ಆದರೆ ದಿನಕ್ಕೆ 10 ಗ್ರಾಂ, ಎರಡು ಸಲವಾಗಿ, ಪ್ರತಿ ಸಲ ಒಂದು ದೊಡ್ಡ ಲೋಟ ನೀರಿನೊಂದಿಗೆ. ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬಿಕೊಳ್ಳುತ್ತದೆ. ಬೇರೆ ಔಷಧಿಗೂ ಅದಕ್ಕೂ 2 ಗಂಟೆ, ಥೈರಾಯ್ಡ್ ಮಾತ್ರೆಗೆ 4 ಗಂಟೆ ಅಂತರವಿರಲಿ. ಅವರೆಕಾಳು, ಹುರುಳಿ, ಹೆಸರುಕಾಳಿನ ಒಂದು ಬಟ್ಟಲು ದಿನಾ ಇದ್ದರೆ ಅದೂ ಸುಮಾರು 5 ಪ್ರತಿಶತಕ್ಕೆ ಸಮ. ರಾಗಿಮುದ್ದೆ ಸಕ್ಕರೆಗೂ ಹೊಟ್ಟೆಗೂ ಅನ್ನಕ್ಕಿಂತ ಒಳ್ಳೆಯದು, ಆದರೆ ಅದರ ನಾರಿನ ಹೆಚ್ಚಿನ ಭಾಗ ಕರಗದ ಬಗೆಯದು. ಎಲ್‌ಡಿಎಲ್ ಇಳಿಸುವ ಕೆಲಸ ಮುದ್ದೆಗಿಂತ ಅದರ ಜೊತೆಯ ಕಾಳಿನ ಸಾರಿನದು.

ಫಿಲ್ಟರ್ ಕಾಫಿ. ಕಾಫಿ ಬೀಜದ ಎಣ್ಣೆಯಲ್ಲಿರುವ ಕ್ಯಾಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ. ಕಾಗದ ಅದನ್ನು ತಡೆಯುತ್ತದೆ. ನಮ್ಮ ಸ್ಟೀಲ್, ಹಿತ್ತಾಳೆ ಫಿಲ್ಟರಿನ ತೂತಿಗೆ ಕಾಗದದಷ್ಟು ತಡೆಯುವ ಶಕ್ತಿಯಿಲ್ಲ. ದಿನಕ್ಕೊಂದು ಎರಡು ಲೋಟದವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾಲ್ಕೈದು ಲೋಟ ಕುಡಿಯುವವರು, ಎಲ್‌ಡಿಎಲ್ ಇಳಿಯದೆ ಸತಾಯಿಸುತ್ತಿರುವವರು ಹೀಗೆ ಮಾಡಬಹುದು: ಡ್ರಿಪ್ ಕಾಫಿಯ ಕಾಗದವನ್ನು ಮೇಲಿನ ಡಬ್ಬಿಯ ತಳದ ಅಳತೆಗಿಂತ ಅರ್ಧ ಸೆಂಟಿಮೀಟರ್ ದೊಡ್ಡದಾಗಿ ದುಂಡಗೆ ಕತ್ತರಿಸಿ, ಒದ್ದೆ ಮಾಡಿ, ಅಂಚು ಗೋಡೆಗೆ ಹತ್ತುವಂತೆ ಒತ್ತಿ ಕೂರಿಸಿ ಆಮೇಲೆ ಪುಡಿ ಹಾಕಿ. ಒಣ ಕಾಗದ ಹಾಕಿದರೆ ನೀರು ಬಿದ್ದಾಗ ಎದ್ದು ತೇಲುತ್ತದೆ, ಅಂಚಲ್ಲಿ ಸಂದು ಉಳಿದರೆ ಎಣ್ಣೆ ಆ ದಾರಿಯಲ್ಲೇ ಇಳಿಯುತ್ತದೆ. ಡಿಕಾಕ್ಷನ್ ಇಳಿಯುವುದು ನಿಧಾನವಾಗುವುದರಿಂದ ಪುಡಿ ಒಂಚೂರು ದಪ್ಪಗಿರಲಿ, ಮೇಲಿನ ಒತ್ತುಗವನ್ನು ಗಟ್ಟಿಯಾಗಿ ಒತ್ತಬೇಡಿ.

ಮಾತ್ರೆ

ಊಟದಿಂದ ಸಾಮಾನ್ಯವಾಗಿ 10ರಿಂದ 20 ಪ್ರತಿಶತ ಇಳಿಕೆ. ಅದಕ್ಕಿಂತ ಬೇಕಾದರೆ ಸ್ಟ್ಯಾಟಿನ್. ಇದರ ಮೊದಲ ಮಾದರಿಯನ್ನು ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಬೇರ್ಪಡಿಸಿದರು. ಈ ಗುಂಪಿನ ಔಷಧಿಗಳು ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಡೆಯುತ್ತವೆ; ಕೊರತೆ ಕಂಡ ಲಿವರ್ ರಿಸೆಪ್ಟರ್ ಹೆಚ್ಚಿಸಿ ರಕ್ತದ ಕಣಗಳನ್ನು ಎಳೆದುಕೊಳ್ಳುತ್ತದೆ. ಅಟೊರ್ವಾಸ್ಟ್ಯಾಟಿನ್ 10 ಮಿಲಿಗ್ರಾಂ ಎಲ್‌ಡಿಎಲ್ ಅನ್ನು 37 ಪ್ರತಿಶತದಷ್ಟು, ರೊಸುವಾಸ್ಟ್ಯಾಟಿನ್ 10 ಮಿಲಿಗ್ರಾಂ 45ರ ಸುಮಾರಿಗೆ ಇಳಿಸುತ್ತದೆ. ಡೋಸ್ ಇಮ್ಮಡಿ ಮಾಡಿದರೆ ಹೆಚ್ಚುವರಿ ಸಿಗುವುದು 6 ಪ್ರತಿಶತ ಮಾತ್ರ. ಆದ್ದರಿಂದ ಗುರಿ ತಲುಪದಿದ್ದಾಗ ಡೋಸ್ ಏರಿಸುತ್ತ ಹೋಗುವ ಬದಲು ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸಬಹುದೇ ಎಂದು ವೈದ್ಯರನ್ನು ಕೇಳುವುದು ಸರಿಯಾದ ಪ್ರಶ್ನೆ. ಅದು ಇನ್ನೊಂದು 20 ಪ್ರತಿಶತದ ಹತ್ತಿರ ಇಳಿಸುತ್ತದೆ. ಶುರು ಮಾಡಿದ 4ರಿಂದ 12 ವಾರದೊಳಗೆ ಮತ್ತೆ ರಕ್ತ ಪರೀಕ್ಷೆ.

ತುಂಬ ಜನ ತಪ್ಪುವುದು ಇಲ್ಲೇ: ಮೂರು ತಿಂಗಳು ಮಾತ್ರೆ ತಗೊಂಡು, ರಿಪೋರ್ಟ್ ಚೆನ್ನಾಗಿ ಬಂತೆಂದು ಬಿಟ್ಟುಬಿಡುತ್ತಾರೆ. ಬಿಟ್ಟ ಕೆಲವೇ ವಾರಗಳಲ್ಲಿ ರಿಸೆಪ್ಟರ್ ಹಳೇ ಮಟ್ಟಕ್ಕೆ, ಕಣಗಳೂ ಹಳೇ ಮಟ್ಟಕ್ಕೆ. ಮೈಕೈ ನೋವಿನ ಭಯ ಇನ್ನೊಂದು. ಹಿಂದೆ ಅಡ್ಡಪರಿಣಾಮದಿಂದ ಸ್ಟ್ಯಾಟಿನ್ ಬಿಟ್ಟವರ ಮೇಲೆ ನಡೆದ ಸ್ಯಾಮ್ಸನ್ ಎಂಬ 2020ರ ಪ್ರಯೋಗದಲ್ಲಿ, ಸ್ಟ್ಯಾಟಿನ್ ತಿಂಗಳಲ್ಲಿ ಕಂಡ ತೊಂದರೆಯ 90 ಪ್ರತಿಶತ ಖಾಲಿ ಮಾತ್ರೆಯ ತಿಂಗಳಲ್ಲೂ ಕಂಡಿತ್ತು. ಹಾಗಂತ ನೋವು ಸುಳ್ಳಲ್ಲ. ಎರಡೂ ತೊಡೆ, ಎರಡೂ ಭುಜ ಸಮನಾಗಿ ನೋಯುತ್ತಿದ್ದರೆ, ಮೂತ್ರ ಕಪ್ಪಗಾದರೆ ಕೂಡಲೇ ವೈದ್ಯರ ಬಳಿ ಹೋಗಿ, ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಕೆ ಪರೀಕ್ಷೆ ಮಾಡಿಸಬೇಕು. ಬಸುರಿಯರು, ಬಸುರಾಗಬೇಕೆಂದಿರುವವರು ವೈದ್ಯರನ್ನು ಕೇಳದೆ ಇದನ್ನು ಮುಂದುವರಿಸಬಾರದು. ಗ್ರೇಪ್‌ಫ್ರೂಟ್ ಅಟೊರ್ವಾಸ್ಟ್ಯಾಟಿನ್ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಅದರ ಹೆತ್ತ ತಾಯಿ ನಮ್ಮ ಚಕ್ಕೋತ. ದೇವನಹಳ್ಳಿ ಚಕ್ಕೋತವನ್ನು ಸೀಸನ್ನಿನಲ್ಲಿ ದಿನಾ ತಿನ್ನುವವರು ಆ ಸಂಗತಿ ವೈದ್ಯರಿಗೆ ತಿಳಿಸಿ. ರೊಸುವಾಸ್ಟ್ಯಾಟಿನ್‌ಗೆ ಆ ತೊಡಕಿಲ್ಲ.

ಎಲ್‌ಡಿಎಲ್ 190 ಅಥವಾ ಮೇಲೆ ಬಂದರೆ ಅದನ್ನು ಊಟದ ತಪ್ಪೆಂದು ತಳ್ಳಿಹಾಕಬೇಡಿ. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ರಿಸೆಪ್ಟರ್ ಕೆಲಸ ಅರ್ಧಕ್ಕರ್ಧ ಕಡಿಮೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿದೆಯೇ, 45 ವರ್ಷದೊಳಗೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಉಂಗುರ ಮೂಡಿದೆಯೇ ನೋಡಿ. ಇದ್ದರೆ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಮಕ್ಕಳು ಎಲ್ಲರ ರಕ್ತವೂ ಪರೀಕ್ಷೆಯಾಗಬೇಕು. ಒಬ್ಬೊಬ್ಬರಿಗೂ ಬಂದಿರುವ ಸಾಧ್ಯತೆ ಎರಡರಲ್ಲಿ ಒಂದು. ಮಗುವಿಗೆ ಹತ್ತು ವರ್ಷದೊಳಗೆ ಗೊತ್ತಾದರೆ ಆ ನಾಳಗಳಿಗೆ ಸಾಮಾನ್ಯವಾಗಿ ಇನ್ನೂ ಅಷ್ಟಾಗಿ ಮುಪ್ಪು ಹಿಡಿದಿರುವುದಿಲ್ಲ, ಚಿಕಿತ್ಸೆಯನ್ನು ಆಗಲೇ ಶುರು ಮಾಡಬಹುದು.